ಚುಕ್ಕಾಣಿ ಹಿಡಿದವನ ಮೊದಲ ಮಾತು

ಅಕ್ಟೋಬರ್ 24, ಶುಕ್ರವಾರ

...ಅಲ್ಲ, ಹೀಗಲ್ಲ, ಕ್ಷಮಿಸಬೇಕು, ಮತ್ತೆ ಮೊದಲಿನಿಂದ ಹೇಳುತ್ತೇನೆ. ಇದು ನಾಲ್ಕನೇ ಸಲ. ಮೂರು ಸಲ ಅಳಿಸಿದೆ. ಬಾಯಿ ತೆರೆದ ಕೂಡಲೇ ‘ಸಾರ್ವಜನಿಕರ ಗಮನಕ್ಕೆ’ ಅಂತಲೇ ಬರುತ್ತದೆ, ಎಂತ ಮಾಡುವುದು. ಇಪ್ಪತ್ತೇಳು ವರ್ಷ ಮೈಕ್ ಹಿಡಿದ ಅಭ್ಯಾಸ. ಈ ಫೋನಿನೊಳಗೆ ಸಾರ್ವಜನಿಕರು ಯಾರೂ ಇಲ್ಲ ಅಂತ ನನಗೆ ಗೊತ್ತುಂಟು. ರಸ್ತೆಯಲ್ಲಿ ಇರುವ ಸಾರ್ವಜನಿಕರಿಗೂ ಗಮನ ಎಲ್ಲಿ ಉಂಟು ಹೇಳಿ.

ವಿಷಯ ಇಷ್ಟೆ. ನನ್ನ ಗಂಟಲಿನೊಳಗೆ, ಸ್ವರ ಹುಟ್ಟುವ ಜಾಗದಲ್ಲಿ, ಒಂದು ಗಂಟು ಬಂದಿದೆ. ನವೆಂಬರ್ ಇಪ್ಪತ್ತಕ್ಕೆ ಮಣಿಪಾಲದಲ್ಲಿ ಆಪರೇಷನ್. ಆಮೇಲೆ ಎರಡು ವಾರ ಪೂರ್ತಿ ಮೌನ. ಆಮೇಲೆ ಸ್ವರ ಬರುತ್ತದಾ ಅಂತ ಕೇಳಿದೆ. ಬರುತ್ತದೆ ಅಂದರು ಡಾಕ್ಟರು. ಇದೇ ಸ್ವರ ಬರುತ್ತದಾ ಅಂತ ಕೇಳಿದೆ. ಅವರು ಫೈಲು ಮಡಚಿದರು. ಫೈಲು ಮಡಚುವುದು ಎಂತ ಉತ್ತರ ಅಂತ ಐವತ್ತು ವರ್ಷದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯವರೆಗೆ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಮಾತಾಡಬೇಕು. ಹಾಗೆ ಹೇಳಿದ್ದು ಚೈತಾಲಿ, ಸ್ವರದ ಚಿಕಿತ್ಸೆ ಕೊಡುವ ಹುಡುಗಿ, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳು ಇರಬಹುದು. ಆ ಇಪ್ಪತ್ತರಲ್ಲಿ ಸ್ವಲ್ಪವನ್ನು ಫೋನಿನಲ್ಲಿ ಹಿಡಿದಿಡಬೇಕಂತೆ. ಯಾರಿಗೂ ಕಳಿಸುವುದು ಬೇಡ, ನೀವೇ ಕೇಳಿ, ಬದಲಾವಣೆ ನಿಮಗೇ ಗೊತ್ತಾಗುತ್ತದೆ ಅಂದಳು. ಪಾಪ. ನಾನು ನನ್ನ ಸ್ವರವನ್ನು ಊರಿಗೆಲ್ಲ ಕೇಳಿಸಿದವನು, ನಾನು ಕೇಳಿದವನಲ್ಲ.

ಕಟಪಾಡಿಯಿಂದ ಕಾರ್ಕಳದವರೆಗೆ, ರಿಕ್ಷಾದ ಸ್ಪೀಕರಿನಲ್ಲಿ, ಚಪ್ಪಲಿ ಸೇಲಿಗೆ, ಕಬಡ್ಡಿಗೆ, ಕಳೆದುಹೋದ ಮಕ್ಕಳಿಗೆ, ಸತ್ತವರಿಗೆ, ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆಗೆ, ಎಲ್ಲದಕ್ಕೂ ನನ್ನದೇ, ಈ ಸಲಾಮನದ್ದೇ ಸ್ವರ. ಈ ಜಿಲ್ಲೆಯಲ್ಲಿ ಮೈಕ್ ಹಿಡಿದು ತಲೆ ಕೆಟ್ಟವರು ತುಂಬಾ ಮಂದಿ ಇದ್ದಾರೆ. ಗಂಟಲು ಕೆಟ್ಟದ್ದು ನನ್ನೊಬ್ಬನದ್ದು.

ಮನೆಯಲ್ಲಿ ಜುವೈರಿಯಾ ಸುದ್ದಿ ಕೇಳಿ ಮೊದಲು ಅತ್ತಳು. ಆಮೇಲೆ ಮೂರು ದಿನ ಮನೆ ತಣ್ಣಗಿದ್ದದ್ದು ನೋಡಿ ಅಡುಗೆಮನೆಯಲ್ಲಿ ಗುನುಗಲು ಶುರು ಮಾಡಿದ್ದಾಳೆ. ಇಪ್ಪತ್ತಮೂರು ವರ್ಷದ ಮದುವೆಯಲ್ಲಿ ಅವಳು ಗುನುಗುತ್ತಾಳೆ ಅಂತ ನನಗೆ ಗೊತ್ತಾದದ್ದು ಈಗ.

ಅಕ್ಟೋಬರ್ 26, ಭಾನುವಾರ

ಕೆಲಸ ಇಲ್ಲದವನು ಮಗಳಿಗೆ ಡ್ರೈವರ್. ಉಮೈರಾಳನ್ನು ಸ್ಕೂಟರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅವಳು ಡಿಗ್ರಿ ಕೊನೆಯ ವರ್ಷ. ಪ್ರತೀ ಭಾನುವಾರ ‘ಸ್ಟಡಿ ಗ್ರೂಪ್’ ಅಂತ ಹೋಗುತ್ತಾಳೆ. ಎಂತ ಸ್ಟಡಿ ಅಂತ ಇವತ್ತು ನೋಡಿದೆ ಮಾರಾಯ. ಕಡಲ್ಗಳ್ಳರ ಸ್ಟಡಿ.

‘ಏಳನೇ ಲಂಗರು’ ಅಂತ ಒಂದು ಜಪಾನಿ ಚಿತ್ರಕಥೆ, ಕಾಮಿಕ್ಸ್. ಇಪ್ಪತ್ತಾರು ವರ್ಷದಿಂದ ವಾರವಾರ ಬರುತ್ತಾ ಉಂಟಂತೆ, ನೂರ ಹನ್ನೆರಡು ಪುಸ್ತಕ ಆಗಿದೆ, ಮುಗಿದಿಲ್ಲ. ಹಡಗಿಗೆ ಆರು ಲಂಗರು ಉಂಟು, ಏಳನೆಯದ್ದು ಎಲ್ಲಿ ಅಂತ ಇವರಿಗೆಲ್ಲ ಚಿಂತೆ. ಹೆದ್ದಾರಿಯ ಬದಿಯಲ್ಲಿ ಸರ್ವಿಸ್ ರೋಡ್ ಎಲ್ಲಿ ಅಂತ ನಾವು ಅಷ್ಟೇ ವರ್ಷದಿಂದ ಹುಡುಕುತ್ತಿದ್ದೇವೆ, ನಮಗೆ ಯಾರೂ ಗ್ರೂಪ್ ಮಾಡಲಿಲ್ಲ.

ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆ. ಹನ್ನೊಂದು ಜನ. ಅಂಗಡಿಯಲ್ಲಿ ಕೆಲಸ ಮಾಡುವ ಉಜ್ವಲ್ ಎಂಬ ಬನ್ನಂಜೆಯ ಹುಡುಗ ಇವರ ಮುಖಂಡ. ಗೋಡೆಯ ಮೇಲೆ ನಲವತ್ತನಾಲ್ಕು ಸ್ಲೈಡ್ ತೋರಿಸಿದ. ಎಂತದ್ದರ ಬಗ್ಗೆ? ಆ ಹಡಗಿನ ಚುಕ್ಕಾಣಿ ಹಿಡಿಯುವ ಶಿಯೊಜಿ ಎಂಬ ಮುದುಕ ಇಪ್ಪತ್ತಾರು ವರ್ಷದಿಂದ ಒಂದು ಮಾತು ಆಡಲಿಲ್ಲವಂತೆ. ಯಾಕೆ? ನಾಲಗೆ ಕತ್ತರಿಸಿದ್ದಾರೆ ಅಂತ ಒಬ್ಬ. ಸ್ವರವನ್ನು ಕಡಲಿಗೆ ಅಡವಿಟ್ಟಿದ್ದಾನೆ ಅಂತ ಇನ್ನೊಬ್ಬಳು. ಅವನಿಗೆ ಆ ಭಾಷೆಯೇ ಬರುವುದಿಲ್ಲ ಅಂತ ಮತ್ತೊಬ್ಬ. ಇದು ಸ್ವಲ್ಪ ಸರಿ ಅನ್ನಿಸಿತು. ನಮ್ಮಲ್ಲಿ ದುಬೈಗೆ ಹೋದವರು ಮೊದಲ ಆರು ತಿಂಗಳು ಹಾಗೆಯೇ ಇರುತ್ತಾರೆ.

ಅವರ ನಡುವೆ ಒಬ್ಬರು ಹೆಂಗಸು, ಅರವತ್ತು ದಾಟಿದವರು, ಕಾನ್ಸೆಪ್ಟಾ ಟೀಚರ್. ಕಾರ್ಕಳದ ಹತ್ತಿರ ಕುಕ್ಕುಂದೂರಿನವರು, ಗಣಿತ ಕಲಿಸಿ ನಿವೃತ್ತಿಯಾದವರು. ಪುಸ್ತಕ ಹನ್ನೊಂದು, ಪುಟ ತೊಂಬತ್ತರಲ್ಲಿ ಅವನ ಬಾಯಿ ತೆರೆದಿದೆ, ನಾಲಗೆ ಉಂಟು, ಕತ್ತರಿಸಿದ್ದು ಸುಳ್ಳು ಅಂತ ಹೇಳಿ ಎಲ್ಲರನ್ನೂ ಕೂರಿಸಿದರು. ಅದು ಮಾತಾಡಿದ್ದೋ ಆಕಳಿಸಿದ್ದೋ ಅಂತ ಒಂದು ಗಂಟೆ ಚರ್ಚೆ. ಒಂದು ಆಕಳಿಕೆಗೆ ಒಂದು ಗಂಟೆ.

ಇವರಿಗೆ ಕಾನೂನು ಬೇರೆ ಉಂಟು. ಹೊಸ ಅಧ್ಯಾಯ ಮೊದಲೇ ಸಿಕ್ಕಿದರೂ ಭಾನುವಾರ ನಾಲ್ಕು ಗಂಟೆಗೆ ಒಟ್ಟಿಗೆ ಓದುವವರೆಗೆ ಯಾರೂ ಬಾಯಿ ಬಿಡಬಾರದು. ಬಿಟ್ಟವರು ಎಲ್ಲರಿಗೂ ಬಾಳೆಹಣ್ಣಿನ ಬನ್ಸ್ ತರಬೇಕು, ಮತ್ತು ಒಂದು ವಾರ ಗ್ರೂಪಿನಲ್ಲಿ ಮೌನ.

ನನಗೆ ತಡೆಯಲಿಲ್ಲ. ಒಂದೇ ವಾಕ್ಯ ಹೇಳಿದೆ. “ಅವನ ಹತ್ತಿರ ಯಾರೂ ಎಂತದ್ದೂ ಕೇಳಲಿಲ್ಲ, ಹಾಗಾಗಿ ಅವನು ಮಾತಾಡಲಿಲ್ಲ.”

ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನನ್ನ ಮಾತಿಗಲ್ಲ, ಸ್ವರಕ್ಕೆ. ಉಜ್ವಲ್ ನನ್ನ ಮುಖವನ್ನೇ ನೋಡಿದ. “ಅಂಕಲ್, ಕಾಪು ಬೀಚಿನಲ್ಲಿ, ನಾನು ಆರು ವರ್ಷದವನಿದ್ದಾಗ... ‘ನೀಲಿ ಚಡ್ಡಿ, ಕೈಯಲ್ಲಿ ಚುರುಮುರಿ, ಅಳುತ್ತಿಲ್ಲ, ಆದರೆ ಅಮ್ಮ ಬೇಗ ಬರಬೇಕು’ ಅಂತ ಹೇಳಿದ್ದು ನೀವಾ?”

ಹೇಳಿರಬಹುದು. ನೂರಾರು ಚಡ್ಡಿ ಹೇಳಿದ್ದೇನೆ. ಆದರೆ ಆ ಹುಡುಗ ಅದನ್ನು ಪದಕ್ಕೆ ಪದ ಇಟ್ಟುಕೊಂಡಿದ್ದಾನೆ. ನಲವತ್ತನಾಲ್ಕು ಸ್ಲೈಡ್ ಮಾಡುವವನಿಗೆ ಅಷ್ಟು ನೆನಪು ಇರಬೇಕು, ಬಿಡಿ.

ಅಕ್ಟೋಬರ್ 28, ಮಂಗಳವಾರ

ಉಮೈರಾ ಕಾಲೇಜಿಗೆ ಹೋದ ಮೇಲೆ ಅವಳ ಕಪಾಟಿನಿಂದ ಒಂದನೇ ಪುಸ್ತಕ ತೆಗೆದು ನೋಡಿದೆ. ಓದಿದ್ದಲ್ಲ, ನೋಡಿದ್ದು. ಬಲದಿಂದ ಎಡಕ್ಕೆ ಓದಬೇಕು ಅಂತ ಮೊದಲ ಪುಟದಲ್ಲಿ ದೊಡ್ಡ ಎಚ್ಚರಿಕೆ ಹಾಕಿದ್ದಾರೆ, ಏನೋ ಮಹಾ ವಿದ್ಯೆ ಕಲಿಸಿದ ಹಾಗೆ. ನಾನು ಐದು ವರ್ಷದವನಿದ್ದಾಗಲೇ ಮದರಸದಲ್ಲಿ ಬಲದಿಂದ ಎಡಕ್ಕೆ ಓದಿ, ತಪ್ಪಿದ್ದಕ್ಕೆ ಪೆಟ್ಟೂ ತಿಂದವನು.

ಚಿತ್ರ ಮಾತ್ರ ಚೆನ್ನಾಗಿ ಬಿಡಿಸಿದ್ದಾರೆ, ಇಲ್ಲ ಅಂತ ಹೇಳುವ ಹಾಗಿಲ್ಲ. ಹಗ್ಗ ಕಟ್ಟಿದ್ದು ಒಂದು ಕಡೆ ತಪ್ಪುಂಟು.

ನಾಲ್ಕು ಪುಸ್ತಕ ಆಯಿತು.

ನವೆಂಬರ್ 2, ಭಾನುವಾರ

ಇವರಿಗೆ ಒಂದು ಹೊಸ ಹುಚ್ಚು. ಹದಿನಾರನೇ ತಾರೀಕಿಗೆ ಓದುವ ಅಧ್ಯಾಯದಲ್ಲಿ ಶಿಯೊಜಿ ಮಾತಾಡುತ್ತಾನೆ ಅಂತ ಜಪಾನಿನಲ್ಲಿ ಪ್ರಕಟಣೆ ಆಗಿದೆಯಂತೆ. ಇಪ್ಪತ್ತಾರು ವರ್ಷದ ಮೇಲೆ ಮೊದಲ ಮಾತು. ಉಮೈರಾ ಪ್ರತೀ ಅಧ್ಯಾಯವನ್ನು ಇಂಗ್ಲಿಷಿನಿಂದ ಕನ್ನಡ ಮಾಡುತ್ತಾಳೆ, ಇವರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ. ಶಿಯೊಜಿಯ ಪಾತ್ರ ಇಷ್ಟು ದಿನ ಯಾರೂ ಮಾಡಬೇಕಾಗಿರಲಿಲ್ಲ. ಈಗ ಬೇಕು.

ಉಜ್ವಲ್ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡ. ಮಾತಾಡದವನಿಗೆ ಸ್ವರ ಕೊಡಲು ಮಾತಾಡಬಾರದವನನ್ನು ಕೇಳುತ್ತಾರೆ, ಎಂತ ಬುದ್ಧಿ ನೋಡಿ. ಉಮೈರಾ ಅವನನ್ನು ಬೈದಳು. ಅಪ್ಪನಿಗೆ ನಮ್ಮಲ್ಲಿ ಉಪ್ಪ ಅನ್ನುವುದು. “ಉಪ್ಪನ ಗಂಟಲಿನ ವಿಷಯ ನಿನಗೆ ಗೊತ್ತಿಲ್ಲವಾ? ಬಿಟ್ಟುಬಿಡು.”

ನೋಡುವ ಅಂದೆ ನಾನು. ಒಂದು ಮಾತಿಗೆ ಎಷ್ಟು ನಿಮಿಷ ಬೇಕು? ಎಂತ ಹೇಳಬಹುದು ಅವನು? ಬರುವಾಗ ಸ್ಕೂಟರಿನಲ್ಲಿ ಇದನ್ನೇ ಯೋಚಿಸುತ್ತಾ ನಮ್ಮ ಕಟಪಾಡಿ ಜಂಕ್ಷನ್ ದಾಟಿ ಹೋದದ್ದೇ ಗೊತ್ತಾಗಲಿಲ್ಲ. ಹಿಂದಿನಿಂದ ಮಗಳು ಬೆನ್ನಿಗೆ ತಟ್ಟಿದಳು.

ಮೂವತ್ತೊಂದು ಪುಸ್ತಕ ಆಗಿದೆ. ಬೇರೆ ಕೆಲಸ ಇಲ್ಲ ಅಂತ ಅಷ್ಟೆ.

ನವೆಂಬರ್ 5, ಬುಧವಾರ

ಚೈತಾಲಿ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದಳು. ಮುಖ ಚಿಕ್ಕದು ಮಾಡಿ, ಸಲಾಂ ಸರ್, ನೀವು ಇಪ್ಪತ್ತು ನಿಮಿಷ ಮೀರುತ್ತಿದ್ದೀರಾ ಅಂತ ಕೇಳಿದಳು. ಇಲ್ಲ ಅಂದೆ. ಸುಳ್ಳು ಹೇಳಲು ಅರ್ಧ ಸೆಕೆಂಡ್ ಸಾಕು, ಅದು ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಸಂಜೆ ಮನೆಯಲ್ಲಿ ಇನ್ನೊಂದು ವಿಚಾರಣೆ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಈ ಫೋನಿನಲ್ಲಿ ಮಾತಾಡುವುದನ್ನು ಜುವೈರಿಯಾ ಹೊರಗಿನಿಂದ ಕೇಳಿದ್ದಾಳೆ. ಯಾರ ಹತ್ತಿರ ಅಂತ ಕೇಳಿದಳು. ಯಾರೂ ಇಲ್ಲ, ನನ್ನ ಹತ್ತಿರವೇ ಅಂತ ಕೈಸನ್ನೆ ಮಾಡಿದೆ. ನಂಬುವ ವಿಷಯವಾ ಅದು?

ಅವಳು ಮಡಚುತ್ತಿದ್ದ ಬಟ್ಟೆ ಕೆಳಗೆ ಇಟ್ಟಳು. “ಉಪ್ಪು ಸಾಕಾ ಅಂತ ಕೇಳಿದರೆ ನನಗೆ ಎರಡು ಬೆರಳು ತೋರಿಸುತ್ತೀರಿ. ಫೋನಿಗೆ ನಗಾಡುತ್ತೀರಿ. ಮೈಕ್ ಇದ್ದಾಗ ಊರಿಗೆ, ಈಗ ಫೋನಿಗೆ. ನನ್ನದು ಯಾವಾಗ ಬರುತ್ತದೆ?”

ಹೆಂಗಸರಿಗೆ ಡಾಕ್ಟರು ಹೇಳಿದ್ದು ಅರ್ಥ ಆಗುವುದಿಲ್ಲ. ಇದು ಚಿಕಿತ್ಸೆಯ ಭಾಗ. ಅವಳ ಹತ್ತಿರ ಮಾತಾಡಬಾರದು ಅಂತ ನಾನು ಯಾವಾಗ ಹೇಳಿದೆ? ದಿನದ ಕೊನೆಗೆ ನಿಮಿಷ ಉಳಿಯುವುದಿಲ್ಲ, ಅಷ್ಟೆ.

ನವೆಂಬರ್ 9, ಭಾನುವಾರ

ಇವತ್ತು ಸಭೆ ಕುಕ್ಕುಂದೂರಿನಲ್ಲಿ, ಕಾನ್ಸೆಪ್ಟಾ ಟೀಚರ್ ಮನೆಯ ಚಾವಡಿಯಲ್ಲಿ. ಗೋಡೆಯಲ್ಲಿ ಏಸುವಿನ ಪಟ, ಅದರ ಕೆಳಗೆ ಒಂದು ಕಪಾಟು ತುಂಬಾ ಕಡಲ್ಗಳ್ಳರು. ಗಂಡ ತೀರಿಕೊಂಡ ವರ್ಷ ಮೊಮ್ಮಗಳು ಬಿಟ್ಟುಹೋದ ಒಂದು ಪುಸ್ತಕ ತೆರೆದರಂತೆ, ಮುಚ್ಚಲಿಕ್ಕೆ ಆಗಲಿಲ್ಲವಂತೆ. ಇಂಥವರನ್ನು ಎಂತ ಹೇಳುವುದು.

ಉಜ್ವಲನ ಹೊಸ ಸಿದ್ಧಾಂತ ಬಂತು. ಶಿಯೊಜಿ ರಾಜಕುಮಾರ. ಸ್ವರ ಕೇಳಿದರೆ ಗುರುತು ಹಿಡಿಯುತ್ತಾರೆ, ಹಾಗಾಗಿ ಮಾತಾಡುವುದಿಲ್ಲ. ಅರವತ್ತೆರಡು ಸ್ಲೈಡ್. ನನಗೆ ಸಿಟ್ಟು ಬಂತು. ಎಪ್ಪತ್ತು ಪುಸ್ತಕ ಓದಿದ ಯಾರಿಗಾದರೂ ಸಿಟ್ಟು ಬರಬೇಕು. ರಾಜಕುಮಾರನ ಕೈ ಹಾಗೆ ಇರುತ್ತದಾ? ಹದಿನೆಂಟನೇ ಪುಸ್ತಕದಲ್ಲಿ ಅವನು ಗಂಟೆ ಬಾರಿಸಲು ಕೈ ಎತ್ತಿ ಹಾಗೆಯೇ ಇಳಿಸುತ್ತಾನೆ, ಇವರಲ್ಲಿ ಯಾರೂ ಅದನ್ನು ನೋಡಲೇ ಇಲ್ಲ. ಅವನು ಹಿಂದೆ ಒಂದು ಸಲ ತಪ್ಪು ಕೂಗಿದ್ದಾನೆ. ಕೂಗು ನಂಬಿ ಯಾರೋ ಹಾಳಾಗಿದ್ದಾರೆ. ಹಾಗಾಗಿ ಬಾಯಿ ಮುಚ್ಚಿದ್ದಾನೆ. ಇದನ್ನು ನಾನು ಎದ್ದು ನಿಂತು ಹೇಳಿದೆ.

ಸಾಕ್ಷಿ ಉಂಟಾ ಅಂತ ಟೀಚರ್ ಕೇಳಿದರು. ಗಣಿತದವರು.

ಆಗ ನಾನು ಎಂತ ಮಾಡಿದೆ ಗೊತ್ತುಂಟಾ? 1999ರ ಕತೆ ಹೇಳಿದೆ. ಜುವೈರಿಯಾಳಿಗೂ ಹೇಳದ್ದು. ನನಗೆ ಆಗ ಇಪ್ಪತ್ತನಾಲ್ಕು ವರ್ಷ, ಮೈಕ್ ಹಿಡಿದು ಒಂದು ವರ್ಷ ಆಗಿತ್ತು. ಕಿಸೆಯಲ್ಲಿ ಎರಡು ಚೀಟಿ. ಒಂದರಲ್ಲಿ ಒಬ್ಬರ ಮರಣ, ಇನ್ನೊಂದರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಉದ್ಘಾಟನೆ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಓದಿದೆ. ಅಂಗಡಿಯವನ ಹೆಸರು ಹೇಳಿ, ನಿನ್ನೆ ನಿಧನರಾದರು ಅಂದೆ. ಮೂರು ಸಲ ಹೇಳುವುದು ನಮ್ಮ ಕ್ರಮ, ಮೂರು ಸಲವೂ ಹೇಳಿದೆ. ಅವನ ತಾಯಿ ರಸ್ತೆ ಬದಿಯಲ್ಲಿ ತರಕಾರಿ ತೆಗೆದುಕೊಳ್ಳುತ್ತಿದ್ದರು. ಅವರು ಅಲ್ಲೇ ಕುಸಿದರು. ಮಗ ಬಂದು ಎದುರು ನಿಂತರೂ ಅವರಿಗೆ ನಂಬಿಕೆ ಬರಲು ಎರಡು ದಿನ ಹಿಡಿಯಿತಂತೆ. ಕ್ಷಮೆ ಕೇಳಲು ಹೋಗಬೇಕಿತ್ತು. ಹೋಗಲಿಲ್ಲ. ಆರು ತಿಂಗಳು ಮೈಕ್ ಮುಟ್ಟಲಿಲ್ಲ, ಅದನ್ನೇ ಕ್ಷಮೆ ಅಂತ ಅಂದುಕೊಂಡೆ.

ಟೀಚರ್ ಎದ್ದು ನನ್ನ ಲೋಟಕ್ಕೆ ಬಿಸಿನೀರು ಹಾಕಿದರು. ಉಮೈರಾ ನನ್ನನ್ನು ಹೊಸಬನನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಕೊನೆಗೆ ಉಜ್ವಲ್ ಹೇಳಿದ, “ಅಂಕಲ್, ಕತೆ ಚೆನ್ನಾಗಿದೆ. ಆದರೆ ಅದು ನಿಮ್ಮ ಸಾಕ್ಷಿ, ಶಿಯೊಜಿಯದ್ದಲ್ಲ.”

ಅಹಂಕಾರಿ. ಸರಿಯಾಗಿಯೇ ಹೇಳಿದ, ಆದರೆ ಅಹಂಕಾರಿ.

ನವೆಂಬರ್ 14, ಶುಕ್ರವಾರ

ಅಧ್ಯಾಯ ಬಂತು. ಉಮೈರಾ ಕನ್ನಡ ಮಾಡಿದಳು. ಬಿರುಗಾಳಿಯ ನಡುವೆ ಶಿಯೊಜಿ ಚುಕ್ಕಾಣಿ ಬಿಟ್ಟು, ದಡದಲ್ಲಿ ಕಾಯುವವರ ಕಡೆ ತಿರುಗಿ ಮೂರು ವಾಕ್ಯ ಹೇಳುತ್ತಾನೆ. ‘ಕ್ಯಾಪ್ಟನ್ ಮುಳುಗಿದ್ದಾರೆ’ ಅಂತ ಬರೆದಿದ್ದಳು. ನಾನು ಒಪ್ಪಲಿಲ್ಲ. ಎಂತ ಕ್ಯಾಪ್ಟನ್? ಇದೇನು ಕ್ರಿಕೆಟ್ಟಾ? ನಮ್ಮ ಕಡಲ ಬದಿಯಲ್ಲಿ ಬೋಟು ನಡೆಸುವವನನ್ನು ತಾಂಡೇಲ ಅನ್ನುತ್ತಾರೆ, ತಾಂಡೇಲ ಅಂತಲೇ ಇರಲಿ ಅಂದೆ. ‘ನೌಕೆಗಳನ್ನು’ ಅಂತ ಇದ್ದದ್ದನ್ನು ದೋಣಿ ಅಂತ ಮಾಡಿಸಿದೆ. ಉಪ್ಪ, ಇದು ಜಪಾನ್ ಅಂದಳು. ಸಾಯುವಾಗ ಎಲ್ಲ ಕಡಲೂ ಒಂದೇ ಅಂದೆ. ನಿನಗೆ ಗೊತ್ತಿಲ್ಲ ಅಂತಲೂ ಹೇಳಿದೆ. ನೂರ ಹನ್ನೆರಡು ಪುಸ್ತಕ ಓದಿದವಳಿಗೆ.

ಭಾನುವಾರ ಅಲ್ಲಿ ಹೇಳಲು ಸ್ವರ ಇರುತ್ತದೋ ಇಲ್ಲವೋ ಅಂತ ಇವತ್ತೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆವು. ಒಂದೇ ಸಲಕ್ಕೆ ಬಂತು. ಅಭ್ಯಾಸಬಲದಿಂದ ಮೂರು ಸಲ ಹೇಳಿದೆ. ಉಮೈರಾ ಕಣ್ಣು ಒರೆಸಿಕೊಂಡಳು. ಧೂಳು ಇರಬೇಕು, ಆ ಕೋಣೆ ಗುಡಿಸಿ ವಾರ ಆಯಿತು.

ಪೆನ್‌ಡ್ರೈವ್ ಯಾವುದು ಅಂದರೆ ನನ್ನ ಹಳೆಯ ಕೆಂಪು ಪೆನ್‌ಡ್ರೈವ್. ಅದು ಯಾವತ್ತೂ ಕೈಕೊಡಲಿಲ್ಲ.

ನವೆಂಬರ್ 15, ಶನಿವಾರ

ಇವತ್ತು ಬೇಡ. ಗಂಟಲಿನಲ್ಲಿ ರಕ್ತದ ರುಚಿ ಬರುತ್ತಾ ಉಂಟು.

ನವೆಂಬರ್ 17, ಸೋಮವಾರ

ನಿಲ್ಲಿಸಿ ನಿಲ್ಲಿಸಿ ಹೇಳುತ್ತೇನೆ. ಸ್ವರ ಇದು ನನ್ನದಲ್ಲ, ತಗಡು ಎಳೆದ ಹಾಗೆ ಉಂಟು.

ಶನಿವಾರ ಬೆಳಿಗ್ಗೆ ಮುದ್ದಣ್ಣ ಬಂದ. ನನ್ನ ಪ್ರಚಾರದ ರಿಕ್ಷಾ ಓಡಿಸುವವನು, ಹತ್ತೊಂಬತ್ತು ವರ್ಷದಿಂದ. ಕಾಪುವಿನಲ್ಲಿ ಚಪ್ಪಲಿ ಸೇಲು. ನಾನು ಮಾತಾಡುವ ಹಾಗಿಲ್ಲವಲ್ಲ, ಸೆಪ್ಟೆಂಬರಿನಲ್ಲಿ ರೆಕಾರ್ಡ್ ಮಾಡಿದ್ದು ಉಂಟು, ಅದನ್ನೇ ಹಾಕು ಅಂತ ಪೆನ್‌ಡ್ರೈವ್ ತೆಗೆದು ಕೊಟ್ಟೆ. ಕೆಂಪು ಪೆನ್‌ಡ್ರೈವ್. ಕೈ ತನ್ನಷ್ಟಕ್ಕೆ ಕೊಟ್ಟಿತು, ಇಪ್ಪತ್ತೇಳು ವರ್ಷದ ಕೈ.

ಎರಡು ಚೀಟಿಯನ್ನು ಒಂದೇ ಕೈಯಲ್ಲಿ ಹಿಡಿಯಬಾರದು ಅಂತ ಕುಕ್ಕುಂದೂರಿನಲ್ಲಿ ಭಾಷಣ ಮಾಡಿ ಬಂದು ಆರು ದಿನ ಆಗಿರಲಿಲ್ಲ.

ಮುದ್ದಣ್ಣ ಸ್ಪೀಕರಿನಲ್ಲಿ ಎಂತ ಬರುತ್ತದೆ ಅಂತ ಕೇಳುವವನಲ್ಲ. ಹತ್ತೊಂಬತ್ತು ವರ್ಷ ನನ್ನ ಸ್ವರ ಕೇಳಿದವನಿಗೆ ಅದು ಇಂಜಿನಿನ ಶಬ್ದದ ಹಾಗೆ. ಚಪ್ಪಲಿ ಮುಗಿಯಿತು, ಮುಂದಿನ ಫೈಲು ಶುರುವಾಯಿತು. ಅವನು ಕಾಪು ಪೇಟೆ ದಾಟಿ ಬೀಚಿನ ರಸ್ತೆಯಲ್ಲಿ, ಮೀನುಗಾರರ ಮನೆಗಳ ನಡುವೆ, ಬೀಡಿ ಸೇದುತ್ತಾ ನಿಧಾನಕ್ಕೆ ಹೋಗುತ್ತಿದ್ದ. ಮೇಲಿನಿಂದ ನನ್ನ ಸ್ವರ. ‘ಯಾರೂ ದೋಣಿ ಇಳಿಸಬೇಡಿ. ತಾಂಡೇಲ ಮುಳುಗಿದ್ದಾರೆ. ನಾನು ಕಣ್ಣಾರೆ ಕಂಡೆ.’ ಮೂರು ಸಲ.

ಚಂಡಮಾರುತದ ಎಚ್ಚರಿಕೆ ಅವರಿಗೆ ಹೇಳುವುದೇ ನಾನು. ಆ ಸ್ವರ ನಂಬದಿದ್ದರೆ ಬೇರೆ ಯಾವುದನ್ನು ನಂಬಬೇಕು ಅವರು?

ಮುದ್ದಣ್ಣನ ಫೋನ್ ಬಂತು. “ಬ್ಯಾರಿಗಳೇ, ಎಂತ ಹಾಕಿ ಕೊಟ್ಟಿದ್ದೀರಿ ಇದರಲ್ಲಿ? ಇಲ್ಲಿ ಹೆಂಗಸರೆಲ್ಲ ರಸ್ತೆಗೆ ಬಂದಿದ್ದಾರೆ. ಯಾವ ಬೋಟು ಅಂತ ಕೇಳುತ್ತಿದ್ದಾರೆ. ನನಗೆ ಎಂತ ಗೊತ್ತು ಯಾವ ಬೋಟು.”

ಕಟಪಾಡಿಯಿಂದ ಕಾಪುವಿಗೆ ಸ್ಕೂಟರಿನಲ್ಲಿ ಹೇಗೆ ಹೋದೆ ಅಂತ ನೆನಪಿಲ್ಲ. ಹೋಗುವಾಗ ನಲವತ್ತು ಐವತ್ತು ಜನ ಸೇರಿದ್ದರು. ಕೆಲವರು ಫೋನ್ ಒತ್ತುತ್ತಿದ್ದಾರೆ, ಕಡಲಲ್ಲಿ ಸಿಗ್ನಲ್ ಎಲ್ಲಿ ಸಿಗಬೇಕು. ರಿಕ್ಷಾದ ಎದುರು ರಸ್ತೆಯ ಮೇಲೆಯೇ ಒಬ್ಬರು ಹೆಂಗಸು ಕೂತಿದ್ದರು. ವಾರಿಜಾ ಅಂತ ಹೆಸರು, ಮೀನಿನ ಬುಟ್ಟಿ ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಅವರ ಗಂಡ ಮಲ್ಪೆಯ ಬೋಟೊಂದರ ತಾಂಡೇಲ, ಮೂರು ದಿನದ ಹಿಂದೆ ಹೋದವರು. ಅವರು ಅಳುತ್ತಿರಲಿಲ್ಲ. 1999ರ ಆ ತಾಯಿಯೂ ಅಳಲಿಲ್ಲ ಅಂತ ಜನ ಹೇಳಿದ್ದು ನೆನಪಾಯಿತು.

ಮೈಕ್ ತೆಗೆದುಕೊಂಡೆ. ಚೈತಾಲಿ ನೆನಪಾದಳು, ಇಲ್ಲ ಅಂತಲ್ಲ. “ನಾನು ಸಲಾಂ. ಈಗ ಕೇಳಿದ್ದು ನನ್ನ ಸ್ವರವೇ. ಆದರೆ ಸುಳ್ಳು. ಯಾವ ಬೋಟಿಗೂ ಏನೂ ಆಗಿಲ್ಲ. ತಪ್ಪು ನನ್ನದು, ಮುದ್ದಣ್ಣನದ್ದಲ್ಲ.” ಮೂರು ಸಲ ಹೇಳಿದೆ. ಜನ ನಂಬಲಿಲ್ಲ. ಸತ್ತದ್ದನ್ನು ಒಂದೇ ಸಲಕ್ಕೆ ನಂಬುತ್ತಾರೆ, ಬದುಕಿದ್ದಾರೆ ಅಂದರೆ ಆಧಾರ ಕೇಳುತ್ತಾರೆ. ಹಾಗಾದರೆ ಮುಳುಗಿದ್ದು ಯಾರು ಅಂತ ಒಬ್ಬ ಮುದುಕ ಕೇಳಿದ. ಜಪಾನಿನವನು ಅಂದೆ. ಅವನಿಗೆ ಹೆಂಡತಿ ಮಕ್ಕಳು ಇದ್ದಾರಾ ಅಂತ ಕೇಳಿದ. ಚಿತ್ರದವನು ಮಾರಾಯರೇ, ಪುಸ್ತಕದ್ದು ಅಂದೆ. ಪುಸ್ತಕದ್ದನ್ನು ನೀನು ಯಾಕೆ ಮೈಕಿನಲ್ಲಿ ಹೇಳುತ್ತಿ ಅಂತ ಕೇಳಿದ.

ಆಮೇಲೆ ಕಾಪುವಿನ ಬೀಚ್ ರಸ್ತೆಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಇಡೀ ಕತೆ ಹೇಳಿದೆ. ಆರು ಲಂಗರು, ಏಳನೆಯದ್ದು, ಮಾತಾಡದ ಶಿಯೊಜಿ, ಎಲ್ಲ. ಮನೆಮನೆಯ ಎದುರು ರಿಕ್ಷಾ ನಿಲ್ಲಿಸಿ ಹೇಳಿದೆ, ಒಳಗೆ ಕೂತು ಅಳುವವರು ಇದ್ದರೆ ಅವರಿಗೂ ಕೇಳಬೇಕಲ್ಲ. ಐವತ್ತು ನಿಮಿಷ ಆಯಿತು ಅಂತ ಮುದ್ದಣ್ಣ ಹೇಳಿದ. ನಡುವೆ ಎಲ್ಲೋ ಗಂಟಲಿನೊಳಗೆ ಎಂತದ್ದೋ ಹರಿದ ಹಾಗೆ ಆಯಿತು. ಆಮೇಲೆ ಹೇಳಿದ್ದೆಲ್ಲ ಬರೀ ಗಾಳಿ.

ವಾರಿಜಾರ ಪಕ್ಕದಲ್ಲೇ ಕೂತೆ. ಸ್ವರ ಇರಲಿಲ್ಲ, ಕೂತದ್ದು ಅಷ್ಟೆ. ಎರಡೂವರೆಗೆ ಅವರ ಫೋನ್ ಹೊಡೆದುಕೊಂಡಿತು. ಗಂಡ, ಸಿಗ್ನಲ್ ಸಿಕ್ಕಿದ ಕೂಡಲೇ, ಮನೆಗೆ ಅಕ್ಕಿ ಉಂಟಾ ಅಂತ ಕೇಳಲು. ಅವರು ಉಂಟು ಅಂತ ಹೇಳಿ ಇಟ್ಟರು. ನನ್ನ ಕಡೆ ತಿರುಗಿ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಹೇಳುವುದಿಲ್ಲ, ಅಷ್ಟು ನಿಮಿಷ ಇಲ್ಲ. ಬೈದು ಮುಗಿಸಿ, ಮೀನು ಬುಟ್ಟಿಗೆ ತುಂಬುತ್ತಾ ಕೇಳಿದರು. “ಆ ಮುದುಕ ಅಷ್ಟು ವರ್ಷ ಯಾಕೆ ಮಾತಾಡಲಿಲ್ಲ? ಅದನ್ನು ಹೇಳಲೇ ಇಲ್ಲ ನೀವು.”

ನನಗೆ ನಗು ಬಂತು. ಶಬ್ದ ಬರಲಿಲ್ಲ.

ಭಾನುವಾರ ಮಣಿಪಾಲದಲ್ಲಿ ಉಜ್ವಲ್ ಪಂಚಾಯಿತಿ ಮಾಡಿದ. ನಾಲ್ಕು ಗಂಟೆಯ ಮೊದಲು ಒಂದು ಇಡೀ ಊರಿಗೆ ಮೈಕಿನಲ್ಲಿ ಅಧ್ಯಾಯ ಹೇಳಿದ ಅಭಿಮಾನಿ ಲೋಕದಲ್ಲಿ ಬೇರೆ ಯಾರೂ ಇಲ್ಲವಂತೆ. ಬನ್ಸ್ ಇವರಿಗೆ ಮಾತ್ರ ಸಾಲದು, ಬೀಚ್ ರಸ್ತೆಯವರಿಗೂ ಕೊಡಬೇಕು ಅಂತ ತೀರ್ಪು. ಒಂದು ವಾರ ಮೌನದ ಶಿಕ್ಷೆಯನ್ನು ಎರಡು ವಾರ ಮಾಡಿ, ಇಪ್ಪತ್ತನೇ ತಾರೀಕಿನಿಂದ ಜಾರಿ ಅಂದ. ಟೀಚರ್ ಮಾತ್ರ ನಗಲಿಲ್ಲ. ಆಮೇಲೆ ಶಿಯೊಜಿಯ ಮಾತು ಬರುವ ಜಾಗದಲ್ಲಿ ಯಾರೂ ಓದಲಿಲ್ಲ. ಪೆನ್‌ಡ್ರೈವನ್ನೂ ಹಾಕಲಿಲ್ಲ. ಆ ಪುಟ ಎಲ್ಲರೂ ಸುಮ್ಮನೆ ನೋಡಿದರು.

ಅವನು ಯಾಕೆ ಮಾತಾಡಿರಲಿಲ್ಲ ಅಂತ ಅಧ್ಯಾಯದಲ್ಲಿ ಇಲ್ಲ. ಕೊನೆಯ ಪುಟದಲ್ಲಿ ಒಂದು ಸಾಲು. ಲೇಖಕರಿಗೆ ಹುಷಾರಿಲ್ಲ, ಐದು ವಾರ ರಜೆ. ನೋಡಿ, ನನ್ನ ಹಾಗೆ ಅವರಿಗೂ.

ನವೆಂಬರ್ 18, ಮಂಗಳವಾರ

ಚೈತಾಲಿ ನೋಡಿದಳು. ಬೈಯಲಿಲ್ಲ. ಅದು ಒಳ್ಳೆಯದಲ್ಲ ಅಂತ ನನಗೆ ಗೊತ್ತುಂಟು. ಆಪರೇಷನ್ ಅದೇ ದಿನ. ಅಲ್ಲಿಯವರೆಗೆ ದಿನಕ್ಕೆ ಐದು ನಿಮಿಷ, ಈ ರೆಕಾರ್ಡಿಂಗ್ ಇನ್ನು ಬೇಡ ಅಂದಳು.

ಬರುವಾಗ ಬನ್ಸ್ ತೆಗೆದುಕೊಂಡು ಕಾಪುವಿಗೆ ಹೋದೆ. ಜುವೈರಿಯಾ ಹಿಂದೆ ಕೂತಿದ್ದಳು, ನಾನೂ ಬರುತ್ತೇನೆ ಅಂತ ಅವಳೇ ಹೇಳಿದ್ದು. ದಾರಿಯಲ್ಲಿ ನಾನು ಎಂತದ್ದೋ ಹೇಳಿದೆ, ಅವಳು ಎಂತದ್ದೋ ಹೇಳಿದಳು. ಎಷ್ಟು ನಿಮಿಷ ಅಂತ ನೋಡಲಿಲ್ಲ. 1999ರ ಆ ಹಾರ್ಡ್‌ವೇರ್ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿದೆ. ಆ ತಾಯಿ ತೀರಿಹೋಗಿ ಹನ್ನೊಂದು ವರ್ಷ ಆಯಿತು. ಮಗ ಕೌಂಟರಿನಲ್ಲಿ ಇದ್ದ. ಅವನಿಗೂ ಬನ್ಸ್ ಕೊಟ್ಟೆ. ಯಾಕೆ ಅಂತ ಅವನಿಗೆ ಜುವೈರಿಯಾಳೇ ಹೇಳಿದಳು.

ನವೆಂಬರ್ 20, ಗುರುವಾರ

ಬೇಡ ಅಂದಿದ್ದಳು ಚೈತಾಲಿ, ಆದರೂ ಒಂದು ಸಲ. ಆಸ್ಪತ್ರೆಯ ಬಟ್ಟೆ ಹಾಕಿ ಕೂರಿಸಿದ್ದಾರೆ, ಹಿಂದೆ ದಾರ ಕಟ್ಟುವುದು. ಇಪ್ಪತ್ತು ನಿಮಿಷದಲ್ಲಿ ಕರೆದುಕೊಂಡು ಹೋಗುತ್ತಾರಂತೆ. ಇವತ್ತಿನ ಐದು ನಿಮಿಷದಲ್ಲಿ ಒಂದೂ ಖರ್ಚು ಮಾಡಿರಲಿಲ್ಲ.

ನಾನು ಯೋಚಿಸಿದ್ದು ಹೀಗೆ. ಇದೇ ಕೊನೆ ಆದರೆ ಸರಿಯಾಗಿ ಒಂದು ಇರಲಿ ಅಂತ. ‘ಸಾರ್ವಜನಿಕರ ಗಮನಕ್ಕೆ’ ಅಂತ ಶುರು ಮಾಡಿ, ಹೆಸರು, ಊರು, ಇಪ್ಪತ್ತೇಳು ವರ್ಷ, ಎಲ್ಲ ಹೇಳಿ ಇಡುವುದು. ನಿನ್ನೆ ಚೀಟಿ ಬರೆದೂ ಇಟ್ಟೆ. ಒಂದೇ ಚೀಟಿ.

ಉಜ್ವಲ್ ಬೆಳಿಗ್ಗೆ ಒಂದು ಸ್ಲೈಡ್ ಕಳಿಸಿದ್ದಾನೆ. ಹದಿನೆಂಟನೇ ಪುಸ್ತಕ, ಗಂಟೆಗೆ ಎತ್ತಿದ ಕೈ. ಕೆಳಗೆ ‘ಸಲಾಂ ಅಂಕಲ್ ಸಿದ್ಧಾಂತ, ಸಾಕ್ಷಿ ಒಂದು’ ಅಂತ ಬರೆದಿದ್ದಾನೆ. ಒಪ್ಪಿದ್ದಾನೆ ಅಂತಲ್ಲ, ನನ್ನನ್ನು ಸಮಾಧಾನ ಮಾಡುವ ಉಪಾಯ. ಹದಿನೆಂಟರಲ್ಲಿ ಮಾತ್ರ ಅಲ್ಲ, ನಲವತ್ತಮೂರರಲ್ಲೂ ಒಂದು ಕಡೆ ಉಂಟು, ಅವನು ಮಗುವೊಂದಕ್ಕೆ... ಇರಲಿ.

ಈಗ ಚೀಟಿ ಓದುತ್ತೇನೆ. ಸಾರ್ವಜನಿಕರ...

ಜುವೈರಿಯಾ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ. “ಓ, ಕೇಳಿತಾ? ಅವರು ಬರಲು ಇನ್ನೂ ಸ್ವಲ್ಪ ಹೊತ್ತು ಉಂಟಂತೆ. ಆ ಮಾತಾಡದ ಮುದುಕನದ್ದು ನನಗೆ ಮೊದಲಿನಿಂದ ಹೇಳಿ.”

ಮೂರು ನಿಮಿಷ ಉಳಿದಿದೆ. ಫೋನ್ ಇಡುತ್ತೇನೆ.